ಜೀರ್ಣಗಣಕವೂ ದಾನಧರ್ಮವೂ

ದಾನಕ್ಕೆ ತಕ್ಕ ವಸ್ತು ಯಾವುದು ಎಂಬ ವಿಚಾರವು ಈ ದೇಶಕ್ಕೆ ಹೊಸತಲ್ಲ. ಕಠೋಪನಿಷತ್ತಿನ ಆರಂಭದ ಕಥೆಯನ್ನು ವಾಚಕರಲ್ಲಿ ಅರಿಯದವರು ವಿರಳ. ವಾಜಶ್ರವಸನು ಸರ್ವಸ್ವವನ್ನೂ ಕೊಡಬೇಕಾದ ಯಾಗವನ್ನು ನಡೆಯಿಸಿ, ದಕ್ಷಿಣೆಯ ಹೊತ್ತಿಗೆ ಮುಪ್ಪಿನಿಂದ ಬತ್ತಿಹೋಗಿ, ಪಡೆದವನಿಗೆ ಹೊರೆಯೇ ಆಗತಕ್ಕ ಹಸುಗಳನ್ನು ಹೊಡೆದು ತಂದನು. ಅದನ್ನು ಕಂಡು ಅವನ ಮಗನಾದ ನಚಿಕೇತನ ಮನಸ್ಸು ನೊಂದಿತು. ಬಾಲಕನು ಅಂಜಿದುದು ಹಸುಗಳನ್ನು ಪಡೆದವರ ನಷ್ಟಕ್ಕಲ್ಲ, ಕೊಟ್ಟ ತಂದೆಗೆ ಒದಗಬಹುದಾದ ಗತಿಗೆ. ಮುಂದೆ ಬರುವ ಯಮಸಂವಾದದ ಗಾಂಭೀರ್ಯದಲ್ಲಿ ಪ್ರವಚನ ಕೇಳುವವರು ಈ ಹಸುಗಳನ್ನು ಮರೆತುಬಿಡುವುದುಂಟು. ಆದರೆ ಆ ಬ್ರಹ್ಮವಿದ್ಯೆಯ ಬಾಗಿಲು ತೆರೆದುದು ಆ ಹಸುಗಳಿಂದಲೇ ಎಂಬುದನ್ನು ಮರೆಯುವುದು ಸರಿಯಲ್ಲ.

ಇಂದು ಉಡುಪಿಯ ಸೀಮೆಯಲ್ಲಿ ಆ ಹಸುಗಳ ಸ್ಥಾನಕ್ಕೆ ಗಣಕಯಂತ್ರಗಳು ಬಂದಿರುವುವು. ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜೂ 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಸ್ಥಾಪಿತವಾದ ಬಳಿಕ ಆ ಬೋಳುಗುಡ್ಡವು ವಿದ್ಯಾರ್ಥಿಗಳ ನಗರವೇ ಆಯಿತು. ವಿದ್ಯಾರ್ಥಿಗಳು ಬರುವರು, ಓದು ಮುಗಿಸಿ ಹೋಗುವರು. ಅವರ ಯಂತ್ರಗಳು ಹಳತಾಗುವುವು. ಉಡುಪಿಯ ಮನೆಗಳಲ್ಲಿಯೂ ಹಾಗೆಯೇ. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇರುವ ಮಕ್ಕಳು ಹೊಸ ಗಣಕವನ್ನು ತಂದುಕೊಟ್ಟರೆ ಹಳೆಯದು ಅಟ್ಟವನ್ನು ಸೇರುವುದು. ಕೆಲವು ವರ್ಷ ಅಲ್ಲಿ ಧೂಳು ಹಿಡಿದ ಮೇಲೆ ಅದು ಕಾಪುವಿನ ಕಡೆಯ ಒಂದು ಶಾಲೆಗೋ ಕಾರ್ಕಳದ ಹಳ್ಳಿಯೊಂದರ ಯುವಕ ಮಂಡಲಕ್ಕೋ ದಾನವಾಗಿ ಸಲ್ಲುವುದು. ಸಣ್ಣದೊಂದು ಸಭೆಯೂ ಭಾವಚಿತ್ರವೂ ಆಗುವುವು. ತಿಂಗಳು ಕಳೆದ ಮೇಲೆ ಹೋಗಿ ನೋಡಿದರೆ ಯಂತ್ರವು ಬಟ್ಟೆಯ ಮುಸುಕನ್ನು ಹೊದ್ದು ಮೂಲೆಯಲ್ಲಿ ಕುಳಿತಿರುವುದು. ಕಾರಣ ಕೇಳಿದರೆ ಬರುವ ಉತ್ತರ ಒಂದೇ: 'ಅದರಲ್ಲಿ ಇಂಟರ್‌ನೆಟ್ ಬರುವುದಿಲ್ಲ.'

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಒದಗಿಸುತ್ತಿದ್ದ ಸಾಮಾನ್ಯ ರಕ್ಷಣೆಯು ಮುಗಿಯಿತು. ಹೆಸರು ನೋಂದಾಯಿಸಿದ ಮನೆಬಳಕೆಯವರಿಗೆ ಒಂದು ವರ್ಷದ ಅವಧಿ ಮಾತ್ರ ಹೆಚ್ಚಿಗೆ ದೊರೆಯಿತು. ಅದರ ಮುಂದಿನದಾದ ವಿಂಡೋಸ್ 11ನ್ನು, ಸುಮಾರು 2018ಕ್ಕಿಂತ ಹಿಂದಿನ ಯಂತ್ರಗಳಲ್ಲಿ ಬಹುಪಾಲಿನವು ನಿಯಮದಂತೆ ಸ್ವೀಕರಿಸಲಾರವು. ಆದುದರಿಂದ ಅಟ್ಟಕ್ಕೇರುವ, ಅಟ್ಟದಿಂದ ದಾನಕ್ಕಿಳಿಯುವ ಗಣಕಗಳ ಸಂಖ್ಯೆ ಹೆಚ್ಚುವುದೇ ಹೊರತು ತಗ್ಗಲಾರದು. ಹೀಗಿರಲು, ಜಾಲಕ್ಕೆ ಸೇರದ ಗಣಕವನ್ನು ಕೊಡುವುದು ದಾನವೋ ಅಥವಾ ಅಟ್ಟವನ್ನು ತೆರವುಮಾಡುವ ಉಪಾಯವೋ ಎಂಬ ಪ್ರಶ್ನೆಯು ವಿಚಾರಾರ್ಹವಾಗಿದೆ.

ಇದಕ್ಕೆ ಉತ್ತರ ಹೇಳಬೇಕಾದರೆ ಗಣಕಕ್ಕೆ ಮುಪ್ಪು ಬರುವ ಬಗೆಯನ್ನು ಮೊದಲು ತಿಳಿಯಬೇಕು. ಹಸುವಿನ ಮುಪ್ಪು ಅದರ ದೇಹದಲ್ಲಿಯೇ ಇರುವುದು. ಗಣಕದ ಮುಪ್ಪಾದರೋ ಬಹುಪಾಲು ಹೊರಗಿನದು. 2009ರಲ್ಲಿ ಕೊಂಡ ಯಂತ್ರವು ಅಂದು ಎಷ್ಟು ವೇಗವಾಗಿ ಲೆಕ್ಕ ಮಾಡುತ್ತಿತ್ತೋ ಇಂದೂ ಅಷ್ಟೇ ವೇಗವಾಗಿ ಮಾಡಬಲ್ಲುದು. ಅದರ ಕೀಲಿಮಣೆಯೂ ತೆರೆಯೂ ಕೆಟ್ಟಿರಲಾರವು. ಬದಲಾದುದು ಜಾಲದ ಭಾಷೆ. ಬ್ರೌಸರ್ ಎಂಬುದು ದೂರದ ಗಣಕದಿಂದ ಪುಟವನ್ನು ತಂದು ತೋರಿಸುವ ತಂತ್ರಾಂಶ. ತರುವ ದಾರಿಯಲ್ಲಿ ಬೇರೆಯವರು ಓದದಂತೆಯೂ ತಿದ್ದದಂತೆಯೂ ಎರಡು ಕಡೆಯವರು ಗುಪ್ತಲಿಪಿಯಲ್ಲಿ ಮಾತನಾಡಿಕೊಳ್ಳುವರು. ಆ ಗುಪ್ತಲಿಪಿಯ ನಿಯಮಕ್ಕೆ ಟಿ.ಎಲ್.ಎಸ್. ಎಂದು ಹೆಸರು. ಅದರ ಮೊದಲ ರೂಪವು 1999ರದು, ಬಳಿಕ 2006, 2008, 2018ರಲ್ಲಿ ಹೊಸ ರೂಪಗಳು ಬಂದುವು. ಮೊದಲ ಎರಡರಲ್ಲಿ ದೋಷಗಳು ಕಂಡುಬಂದುದರಿಂದ 2020ರ ಸುಮಾರಿಗೆ ಮುಖ್ಯ ಬ್ರೌಸರುಗಳೆಲ್ಲ ಅವನ್ನು ಬಿಟ್ಟುಕೊಟ್ಟುವು. ಹಳೆಯ ರೂಪವನ್ನು ಮಾತ್ರ ಬಲ್ಲ ಬ್ರೌಸರು ಇಂದು ಬ್ಯಾಂಕಿನ ಬಾಗಿಲನ್ನು ತಟ್ಟಿದರೆ, ಒಳಗಿನವರಿಗೆ ಆ ತಟ್ಟುವಿಕೆಯ ಸಂಕೇತವೇ ತಿಳಿಯದು.

ಇನ್ನೊಂದು ಕಾರಣ ಪ್ರಮಾಣಪತ್ರಗಳದು. ಪ್ರತಿಯೊಂದು ಭದ್ರ ತಾಣವೂ ತಾನು ತಾನೇ ಎಂದು ತೋರಿಸಲು ಒಂದು ಪತ್ರವನ್ನು ಹಿಡಿದಿರುವುದು. ಆ ಪತ್ರಕ್ಕೆ ಮುದ್ರೆಯೊತ್ತಿದ ಮೂಲ ಅಧಿಕಾರಿಗಳ ಪಟ್ಟಿಯು ಗಣಕದೊಳಗೆ ಮೊದಲೇ ಇರುವುದು. ಪಟ್ಟಿಯಲ್ಲಿರುವ ಪತ್ರಗಳಿಗೂ ಆಯುಸ್ಸುಂಟು. 2021ರ ಸೆಪ್ಟೆಂಬರ್ 30ರಂದು ಅಂತಹ ಒಂದು ಮೂಲಪತ್ರದ ಅವಧಿಯು ತೀರಿದಾಗ, ಪಟ್ಟಿಯನ್ನು ನವೀಕರಿಸದೆ ಉಳಿದಿದ್ದ ಹಳೆಯ ಯಂತ್ರಗಳು ನಿನ್ನೆಯವರೆಗೆ ನಂಬಿದ್ದ ಎಷ್ಟೋ ತಾಣಗಳನ್ನು ಬೆಳಗಾಗುವುದರೊಳಗೆ ಸಂಶಯದಿಂದ ನೋಡತೊಡಗಿದುವು. ತಾಣಗಳೂ ಯಂತ್ರಗಳೂ ಇದ್ದಂತೆಯೇ ಇದ್ದುವು. ಸಾಕ್ಷಿಯ ಅವಧಿ ಮಾತ್ರ ತೀರಿತ್ತು.

ಇವೆಲ್ಲಕ್ಕಿಂತ ಸಣ್ಣದೂ ನಗೆಗೆ ಕಾರಣವಾಗತಕ್ಕುದೂ ಆದ ಒಂದು ದೋಷವುಂಟು. ಮೇಜಿನ ಗಣಕದ ಒಡಲಿನಲ್ಲಿ ನಾಣ್ಯದಾಕಾರದ ಒಂದು ಸೆಲ್ಲು ಇರುವುದು. ಸಾಮಾನ್ಯವಾಗಿ ಅದು ಸಿ.ಆರ್. 2032 ಎಂಬುದು. ವಿದ್ಯುತ್ತು ಇಲ್ಲದಾಗ ಯಂತ್ರದ ಗಡಿಯಾರವನ್ನು ನಡೆಯಿಸುವುದು ಅದೇ. ಅಟ್ಟದ ಮೇಲೆ ಕೆಲವು ವರ್ಷ ಬಿದ್ದಿದ್ದ ಯಂತ್ರದಲ್ಲಿ ಆ ಸೆಲ್ಲು ಬರಿದಾಗಿರುವುದರಿಂದ ಯಂತ್ರವು ತಾನು ಹುಟ್ಟಿದ ವರ್ಷಕ್ಕೇ ಹಿಂದಿರುಗುವುದು. ಪ್ರಮಾಣಪತ್ರವನ್ನು ಪರೀಕ್ಷಿಸುವಾಗ ಬ್ರೌಸರು ನೋಡುವುದು ಈ ಗಡಿಯಾರವನ್ನು. ಗಡಿಯಾರವು 2009 ಎನ್ನುತ್ತಿದ್ದರೆ ಈ ವರ್ಷದ ಪತ್ರವು ಇನ್ನೂ ಹುಟ್ಟದ ಮಗುವಿನ ಜಾತಕದಂತೆ ಕಾಣುವುದು, ಬ್ರೌಸರು ಒಪ್ಪದು. ಅಧ್ಯಾಪಕರು ಯಂತ್ರವು ಕೆಟ್ಟಿತೆಂದು ಮುಸುಕು ಹಾಕುವರು. ಕೆಲವೇ ಹತ್ತು ರೂಪಾಯಿಗಳ ಸೆಲ್ಲೊಂದನ್ನು ಬದಲಿಸಿ ದಿನಾಂಕವನ್ನು ತಿದ್ದಿದರೆ ಸರಿಹೋಗುವುದನ್ನು ಯಾರೂ ಹೇಳಿರುವುದಿಲ್ಲ. ಈ ಒಂದು ಸೆಲ್ಲಿನ ದೆಸೆಯಿಂದ ಸತ್ತವೆಂದು ಎಣಿಸಲ್ಪಟ್ಟ ಯಂತ್ರಗಳು ಕಡಮೆಯಿರಲಾರವು.

ಇನ್ನು ಈ ವಿಷಯದಲ್ಲಿ ಲೋಕದಲ್ಲಿರುವ ಎರಡು ಪಕ್ಷಗಳನ್ನು ನೋಡಬಹುದು. ಹಳೆಯದನ್ನು ಎಸೆದು ಹೊಸತನ್ನೇ ಕೊಡಬೇಕು, ಇಲ್ಲದಿದ್ದರೆ ಕೊಡಲೇಬಾರದು ಎಂಬುದು ಒಂದು. ಇದು ಕೇಳಲು ಉದಾರವಾದರೂ ಫಲದಲ್ಲಿ ಕ್ರೂರವಾದುದು. ಹೊಸತನ್ನು ಕೊಳ್ಳಲಾರದ ಶಾಲೆಗೆ ಏನೂ ದೊರೆಯದೆ ಹೋಗುವುದು, ಸುಸ್ಥಿತಿಯಲ್ಲಿರುವ ಯಂತ್ರವು ಗುಜರಿಯಾಗುವುದು. ಇದ್ದುದನ್ನು ಇದ್ದ ಹಾಗೆಯೇ ಕೊಟ್ಟು, ಹೇಗಾದರೂ ಜಾಲಕ್ಕೆ ಜೋಡಿಸಿದರೆ ಸಾಕು ಎಂಬುದು ಇನ್ನೊಂದು. ಕರಾವಳಿಯ ಮಿತವ್ಯಯದ ಜನರಿಗೆ ಈ ಎರಡನೆಯ ಪಕ್ಷವೇ ರುಚಿಸುವುದು. ಒಬ್ಬನ ಯಂತ್ರ ಒಬ್ಬನ ಮನೆಯಲ್ಲಿದೆ, ಅಪಾಯವಾದರೆ ಅವನಿಗೇ ಆಯಿತು, ಅನ್ಯರಿಗೇನು ಎಂದು ಅವರು ಕೇಳುವರು.

ಈ ಮಾತು ಜಾಲಕ್ಕೆ ಜೋಡಿಸದ ಯಂತ್ರದ ವಿಷಯದಲ್ಲಿ ನಿಜ. ಜೋಡಿಸಿದ ಯಂತ್ರದಲ್ಲಿ ನಿಜವಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಗಣಕಗಳನ್ನು ಕೆಲವೇ ದಿನಗಳಲ್ಲಿ ಹಿಡಿಯಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಯಾರೂ ಯಾವ ಗುಂಡಿಯನ್ನೂ ಒತ್ತಬೇಕಾಗಿರಲಿಲ್ಲ. ಅದು ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುತ್ತಿತ್ತು. ಅದಕ್ಕೆ ಮದ್ದನ್ನು ಎರಡು ತಿಂಗಳು ಮೊದಲೇ ಬಿಡುಗಡೆ ಮಾಡಲಾಗಿದ್ದಿತು. ಮದ್ದನ್ನು ಹಾಕದ ಯಂತ್ರಗಳೂ, ಮದ್ದು ದೊರೆಯದಷ್ಟು ಹಳೆಯವಾದ ಯಂತ್ರಗಳೂ ಅದಕ್ಕೆ ದಾರಿಯಾದುವು. ಹಿತ್ತಿಲಿನ ತೊಟ್ಟಿಯಲ್ಲಿ ನೀರು ನಿಲ್ಲಿಸಿ ಸೊಳ್ಳೆಗಳನ್ನು ಸಾಕಿದವನು, ಹಿತ್ತಿಲು ತನ್ನದೆಂದ ಮಾತ್ರಕ್ಕೆ ನೆರೆಮನೆಯವರ ಜ್ವರಕ್ಕೆ ಹೊಣೆಯಲ್ಲವೆನ್ನಬಹುದೆ? ಮಲೇರಿಯದ ಅನುಭವವುಳ್ಳ ಈ ಕರಾವಳಿಗೆ ಆ ದೃಷ್ಟಾಂತವನ್ನು ವಿಸ್ತರಿಸಬೇಕಾದುದಿಲ್ಲ. ರಕ್ಷಣೆ ತಪ್ಪಿದ ಯಂತ್ರವನ್ನು ಜಾಲಕ್ಕೆ ಜೋಡಿಸುವ ಮಿತವ್ಯಯವು ತನ್ನ ಖರ್ಚನ್ನು ಅನ್ಯರ ಲೆಕ್ಕಕ್ಕೆ ಬರೆಯುವ ಮಿತವ್ಯಯ. ಅದರಲ್ಲಿಯೂ ಅಂತಹ ಯಂತ್ರವನ್ನು ಶಾಲೆಗೆ ಕೊಟ್ಟರೆ ಅಪಾಯವನ್ನು ಅರಿಯಲಾರದ ಮಕ್ಕಳ ಕೈಗೆ ಕೊಟ್ಟಂತಾಗುವುದು.

ಹಾಗಾದರೆ ಈ ಎರಡು ಪಕ್ಷಗಳ ನಡುವೆ ದಾರಿಯಿಲ್ಲವೆ? ಉಂಟು, ಅದು ಈ ನಾಡಿಗೆ ಅಪರಿಚಿತವೂ ಅಲ್ಲ. ದೇವಾಲಯವು ಶಿಥಿಲವಾದಾಗ ಅದನ್ನು ಬಿಟ್ಟುಹೋಗುವವರಿಲ್ಲ, ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿದು ಪೂಜೆಯನ್ನು ಮುಂದುವರಿಸುವುದನ್ನೂ ತಂತ್ರಿಗಳು ಒಪ್ಪರು. ದೇವತಾಸಾನ್ನಿಧ್ಯವನ್ನು ಮೊದಲು ಬಾಲಾಲಯಕ್ಕೆ ಸಾಗಿಸಿ, ಜೀರ್ಣವಾದುದನ್ನು ಕಳೆದು, ಹೊಸತನ್ನು ಕಟ್ಟಿ, ಪುನಃ ಪ್ರತಿಷ್ಠೆ ಮಾಡಿ ಬ್ರಹ್ಮಕಲಶವನ್ನು ನೆರವೇರಿಸುವರು. ಕಾಪುವಿನ ಹೊಸ ಮಾರಿಗುಡಿಯ ಜೀರ್ಣೋದ್ಧಾರವೂ 2025ರಲ್ಲಿ ಅಲ್ಲಿ ನಡೆದ ಬ್ರಹ್ಮಕಲಶೋತ್ಸವವೂ ಎಲ್ಲರ ನೆನಪಿನಲ್ಲಿರುವುವು. ಗಣಕಕ್ಕೂ ಈ ಕ್ರಮವೇ ಯುಕ್ತವಾದುದು. ಅದರೊಳಗಿರುವ ಬರೆಹಗಳನ್ನೂ ಚಿತ್ರಗಳನ್ನೂ ಮೊದಲು ಬೇರೊಂದು ಡಿಸ್ಕಿಗೆ ಸಾಗಿಸಬೇಕು. ಬಾಲಾಲಯವಿಲ್ಲದೆ ಗುಡಿಯನ್ನು ಕೆಡವಿದವರ ಪಶ್ಚಾತ್ತಾಪವು ದೊಡ್ಡದು. ಬಳಿಕ ರಕ್ಷಣೆ ತಪ್ಪಿದ ವ್ಯವಸ್ಥೆಯನ್ನು ತೆಗೆದು, ಇಂದಿಗೂ ರಕ್ಷಣೆಯುಳ್ಳ ಬೇರೊಂದನ್ನು ಸ್ಥಾಪಿಸಬೇಕು.

ವಿಂಡೋಸಿನ ಸ್ಥಾನದಲ್ಲಿ ಬೇರೊಂದನ್ನು ಇಡಬಹುದೆ ಎಂಬ ಶಂಕೆಗೆ ಮೀಮಾಂಸಕರ ಪ್ರತಿನಿಧಿನ್ಯಾಯವು ಸಮಾಧಾನ ಹೇಳುವುದು. ವಿಹಿತವಾದ ವ್ರೀಹಿಯು ದೊರೆಯದಿದ್ದರೆ ಯಾಗವನ್ನು ನಿಲ್ಲಿಸಬೇಕಾದುದಿಲ್ಲ. ಅದಕ್ಕೆ ಸದೃಶವಾದ ನೀವಾರವನ್ನು ಬಳಸಿ ನಡೆಯಿಸಬಹುದು. ಆದರೆ ಎಲ್ಲಕ್ಕೂ ಪ್ರತಿನಿಧಿಯಿಲ್ಲ. ದೇವತೆಗೂ ಮಂತ್ರಕ್ಕೂ ಅಗ್ನಿಗೂ ಬದಲು ಹಿಡಿಯಕೂಡದು. ಇಲ್ಲಿಯೂ ಅಷ್ಟೇ. ವ್ಯವಸ್ಥೆಯ ಹೆಸರನ್ನು ಬದಲಿಸಬಹುದು, ಗುಂಡಿಗಳ ಬಣ್ಣವನ್ನು ಬದಲಿಸಬಹುದು. ಕಾಲಕಾಲಕ್ಕೆ ಬರುವ ರಕ್ಷಣೆಯ ತಿದ್ದುಪಡಿಗೆ ಪ್ರತಿನಿಧಿಯಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು ಆರಂಭಿಸಿದ ಲಿನಕ್ಸ್ ಎಂಬುದರ ಮೇಲೆ ಕಟ್ಟಿದ ಉಚಿತ ವ್ಯವಸ್ಥೆಗಳು ಹಲವು. ನಾಲ್ಕು ಗಿಗಾಬೈಟು ಸ್ಮೃತಿಯುಳ್ಳ ಹಳೆಯ ಯಂತ್ರದಲ್ಲಿ ಲುಬುಂಟು, ಲಿನಕ್ಸ್ ಮಿಂಟಿನ ಹಗುರವಾದ ರೂಪ ಮುಂತಾದುವು ಸಲೀಸಾಗಿ ನಡೆಯುವುವು. ಇದನ್ನು ಒಂದು ಪೆನ್ ಡ್ರೈವಿಗೆ ತುಂಬಿ ಅದರಿಂದಲೇ ಯಂತ್ರವನ್ನು ಎಬ್ಬಿಸಿ, ಒಳಗಿನ ಡಿಸ್ಕನ್ನು ಮುಟ್ಟದೆ ಪರೀಕ್ಷಿಸಿ ನೋಡುವುದಕ್ಕೂ ಅವಕಾಶವುಂಟು. ತಿರುಗುವ ಹಳೆಯ ಡಿಸ್ಕಿನ ಬದಲು ಎಸ್.ಎಸ್.ಡಿ. ಎಂಬುದನ್ನು ಹಾಕಿಸಿದರೆ ಅದೇ ಯಂತ್ರವು ಹರಯಕ್ಕೆ ಬಂದಂತೆ ಓಡುವುದು. ಫೈರ್‌ಫಾಕ್ಸ್ ಮೊದಲಾದ ಬ್ರೌಸರು ಅದರೊಡನೆಯೇ ಬರುವುದು, ತಿದ್ದುಪಡಿಗಳೂ ಬರುವುವು.

ಹಳೆಯ ವಿಂಡೋಸಿನ ಮೇಲೆಯೇ ಹೊಸ ಬ್ರೌಸರನ್ನು ಹಾಕಿದರೆ ಸಾಲದೆ ಎನ್ನುವವರುಂಟು. ಕ್ರೋಮ್ ಬ್ರೌಸರು ವಿಂಡೋಸ್ ಎಕ್ಸ್‌ಪಿಯನ್ನು 2016ರಲ್ಲಿಯೂ ವಿಂಡೋಸ್ 7ನ್ನು 2023ರಲ್ಲಿಯೂ ಕೈಬಿಟ್ಟಿತು. ಫೈರ್‌ಫಾಕ್ಸಿನವರು ತಮ್ಮ 115ನೆಯ ರೂಪವನ್ನು ವಿಂಡೋಸ್ 7ಕ್ಕಾಗಿ ಅವಧಿಯ ಮೇಲೆ ಅವಧಿ ಮುಂದುವರಿಸಿದುದು ಅವರ ಸೌಜನ್ಯ. ಆದರೆ ಕಿಟಕಿಗೆ ಹೊಸ ಸರಳನ್ನು ಹಾಕಿ ಹಿಂಬಾಗಿಲನ್ನು ತೆರೆದಿಟ್ಟರೆ ಮನೆಯು ಭದ್ರವಾಗುವುದಿಲ್ಲ.

ಸಂಪರ್ಕದ ವಿಷಯದಲ್ಲಿ ಬಹಳ ಹೇಳಬೇಕಾದುದಿಲ್ಲ. ಭಾರತದಲ್ಲಿ ಅಂತರ್ಜಾಲವು ಸಾರ್ವಜನಿಕರಿಗೆ ದೊರೆತುದು 1995ರ ಆಗಸ್ಟ್ 15ರಂದು. ಅಂದು ದೂರವಾಣಿಯ ತಂತಿಯ ಮೇಲೆ ಕಿರಿಚುತ್ತಿದ್ದ ಮೋಡೆಮು ಇಂದು ಯಾರಿಗೂ ಬೇಕಿಲ್ಲ. ಈಗಿನ ದಾರಗಾಜಿನ ಸಂಪರ್ಕದ ಪೆಟ್ಟಿಗೆಯಿಂದ ಹಳೆಯ ಗಣಕಕ್ಕೆ ತಂತಿಯನ್ನೆಳೆಯುವುದೇ ಉತ್ತಮ. ಹಳೆಯ ಯಂತ್ರದ ನಿಸ್ತಂತು ಭಾಗವು ಹೊಸ ಪೆಟ್ಟಿಗೆಯ ಗುಪ್ತಲಿಪಿಯನ್ನು ಅರಿಯದಿರಬಹುದು. ಮೇಲಾಗಿ ಇಲ್ಲಿಯ ಮುರಕಲ್ಲಿನ ದಪ್ಪ ಗೋಡೆಗಳನ್ನು ದಾಟುವಷ್ಟರಲ್ಲಿ ಅಲೆಗಳು ಸೊರಗುವುವು. ಘಟ್ಟದ ತಪ್ಪಲಿನ ಕಾರ್ಕಳದಲ್ಲಿ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನೂ ತಂತಿಯನ್ನೂ ಕಳಚಿಡುವ ಅಭ್ಯಾಸವು ಬಿಡತಕ್ಕುದಲ್ಲ.

ಈ ಜೀರ್ಣೋದ್ಧಾರವು ಹಳ್ಳಿಯ ಶಾಲೆಗಳಿಗೆ ಮೀರಿದುದೆಂದು ಹೇಳುವವರು ಗಡಿಯಾಚೆಗಿನ ಕಾಸರಗೋಡಿನತ್ತ ನೋಡಬಹುದು. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಶಾಲಾಗಣಕ ಯೋಜನೆಯು, ಈಗ ಕೈಟ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ಶಾಲೆಗಳಲ್ಲಿ ಲಿನಕ್ಸನ್ನು ಆಧರಿಸಿದ ಸ್ವತಂತ್ರ ತಂತ್ರಾಂಶವನ್ನೇ ಬಳಸುವುದು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುವರು. ಅಲ್ಲಿಯ ಅಧ್ಯಾಪಕರು ಅಸಾಧಾರಣ ಮೇಧಾವಿಗಳೆಂದಲ್ಲ. ಅವರಿಗೆ ಕಲಿಸಲಾಯಿತು, ಕೆಟ್ಟಾಗ ಕೇಳುವುದಕ್ಕೆ ಜನರಿದ್ದರು, ಅಷ್ಟೇ. ಯಂತ್ರಕ್ಕಿಂತ ಈ ಆಸರೆಯು ಹೆಚ್ಚಿನ ದಾನವಾಗಿರಬಹುದು.

ಕನ್ನಡದ ಓದುಬರೆಹಕ್ಕೆ ಇದರಿಂದ ಕುಂದುಂಟಾಗುವುದೇನೊ ಎಂಬ ಭಯವೂ ಬೇಡ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಉಚ್ಚಾರಣೆಯನ್ನು ಅನುಸರಿಸಿ ರೂಪಿಸಿದ ಕೀಲಿಮಣೆಯ ವಿನ್ಯಾಸವು 'ಕಗಪ' ಎಂಬ ಹೆಸರಿನಲ್ಲಿ ಲಿನಕ್ಸ್ ವ್ಯವಸ್ಥೆಗಳಲ್ಲಿ ಮೊದಲೇ ಇರುವುದು. ಅದನ್ನು ಆರಿಸಿಕೊಂಡರೆ ಸಾಕು. ತಾವು ನಿರ್ಮಿಸಿದ ಕನ್ನಡ ತಂತ್ರಾಂಶಕ್ಕೆ ರಾವ್ ಅವರು ಛಂದಸ್ಸಿನ ಪಂಡಿತರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರೆಂಬುದು ಈ ಸೀಮೆಯವರು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ. ಜಾಗರೂಕತೆ ಬೇಕಾದುದು ಬೇರೊಂದು ಕಡೆ. ಇಪ್ಪತ್ತು ವರ್ಷಗಳ ಹಿಂದೆ ನುಡಿ, ಬರಹ ಮುಂತಾದುವುಗಳ ಹಳೆಯ ಅಕ್ಷರಜೋಡಣೆಯಲ್ಲಿ ಬರೆದಿಟ್ಟ ಲೇಖನಗಳು ಆ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುವು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳುಂಟು. ತಂದೆಯ ಯಂತ್ರವನ್ನು ದಾನಮಾಡುವ ಮಗನು, ತಂದೆಯ ಬರೆಹಗಳನ್ನು ಪರಿವರ್ತಿಸಿಟ್ಟುಕೊಂಡ ಮೇಲಲ್ಲದೆ ಡಿಸ್ಕನ್ನು ಅಳಿಸಬಾರದು. ಇಟ್ಟುಕೊಂಡ ಮೇಲೆ ಪೂರ್ಣವಾಗಿ ಅಳಿಸದೆ ಕೊಡಲೂಬಾರದು. ಕಡತವನ್ನು ಬುಟ್ಟಿಗೆ ಹಾಕಿದ ಮಾತ್ರಕ್ಕೆ ಅದು ಡಿಸ್ಕಿನಿಂದ ಅಳಿದುಹೋಗುವುದಿಲ್ಲ. ಮನೆಯ ಹೆಣ್ಣುಮಕ್ಕಳ ಭಾವಚಿತ್ರಗಳೂ ಬ್ಯಾಂಕಿನ ಲೆಕ್ಕಗಳೂ ಅಪರಿಚಿತರ ಕೈಸೇರಬಹುದು.

ಕೊಡುವವನ ಹೊಣೆ ಇಷ್ಟಾಯಿತು. ಎಲ್ಲವನ್ನೂ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಸುವು ಬತ್ತಿತೆಂದು ದೂರುವ ಮೊದಲು ಮೇವನ್ನು ಬದಲಿಸಿದವರು ಯಾರು ಎಂದು ಕೇಳಬೇಕು. ಟಿಮ್ ಬರ್ನರ್ಸ್-ಲೀ ಎಂಬವರು ಜಿನೀವದ ಸೆರ್ನ್ ಸಂಸ್ಥೆಯಲ್ಲಿ ರೂಪಿಸಿದ ಜಾಗತಿಕ ಜಾಲವನ್ನು 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಎಂತಹ ಯಂತ್ರವುಳ್ಳವನೂ ಓದಬಹುದಾದ ಸರಳ ಪುಟಗಳು ಅಂದಿನವು. ಇಂದಿನ ಸಾಮಾನ್ಯ ಪುಟವು ಎರಡು ಮೆಗಾಬೈಟಿಗೂ ಮಿಕ್ಕ ಭಾರವುಳ್ಳದು. ಓದತಕ್ಕ ಅಕ್ಷರಗಳು ಅದರಲ್ಲಿ ಅತ್ಯಲ್ಪ, ಉಳಿದುದು ಅಲಂಕಾರವೂ ಜಾಹೀರಾತೂ ಓದುವವನ ಬೆನ್ನುಹತ್ತುವ ಗೂಢಚರ್ಯೆಯೂ. ಗುಪ್ತಲಿಪಿಯು ಬದಲಾದುದು ಹಿಂದಿನದರಲ್ಲಿ ದೋಷವಿದ್ದುದರಿಂದ. ಆ ಮಾರ್ಪಾಡಿಗೆ ಎಲ್ಲರೂ ತಲೆಬಾಗಬೇಕಾದುದೇ. ಪುಟದ ಭಾರವು ಹೆಚ್ಚಿದುದಕ್ಕೆ ಅಂತಹ ಸಮರ್ಥನೆ ಯಾವುದೂ ಕಾಣದು. ಬೆಳೆವಿಮೆಯ ಒಂದು ಅರ್ಜಿಯನ್ನು ತುಂಬುವುದಕ್ಕೆ, ಪರೀಕ್ಷೆಯ ಒಂದು ಅಂಕಪಟ್ಟಿಯನ್ನು ನೋಡುವುದಕ್ಕೆ ಹೊಸ ಯಂತ್ರವನ್ನು ಕೊಳ್ಳಬೇಕಾಗುವಂತೆ ಪುಟಗಳನ್ನು ಕಟ್ಟುವವರು, ಬಡವನ ಹಸುವನ್ನು ತಾವೇ ಬತ್ತಿಸಿದಂತೆ. ಸರಕಾರದ ಪುಟಗಳನ್ನು ಕಟ್ಟುವವರಿಗಂತೂ ಈ ಮಾತು ವಿಶೇಷವಾಗಿ ಸಲ್ಲತಕ್ಕುದು. ಅಂಗಡಿಯವನ ಪುಟವು ತೆರೆಯದಿದ್ದರೆ ಬೇರೆ ಅಂಗಡಿಯುಂಟು, ಸರಕಾರವು ಒಂದೇ.

ಏನು ಮಾಡಿದರೂ ಜಾಲಕ್ಕೆ ಬಾರದ ಯಂತ್ರಗಳೂ ಇವೆ. 32 ಬಿಟ್ಟಿನ ಹಳೆಯ ಸಂಸ್ಕಾರಕವುಳ್ಳವಕ್ಕೆ ಈಗ ಲಿನಕ್ಸಿನ ಬಾಗಿಲುಗಳೂ ಮುಚ್ಚುತ್ತ ಬಂದಿವೆ. ದೀರ್ಘಕಾಲ ಅವನ್ನು ಸಲಹಿದ ಡೆಬಿಯನ್ ಸಹ 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ರೂಪದಲ್ಲಿ ಅವುಗಳ ಮೇಲೆ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನು ನಿಲ್ಲಿಸಿತು. ಅಂತಹುದನ್ನು ಜಾಲಕ್ಕೆಂದು ಕೊಡುವುದು ವಾಜಶ್ರವಸನ ದಾನವೇ ಸರಿ. ತಂತಿಯನ್ನು ಕಳಚಿ, ಮಕ್ಕಳಿಗೆ ಕನ್ನಡ ಬೆರಳಚ್ಚು ಕಲಿಯಲೆಂದು ಹೇಳಿಯೇ ಕೊಟ್ಟರೆ ಅದು ದಾನವಾಗುವುದು. ವಸ್ತುವು ಒಂದೇ ಆದರೂ ಹೇಳಿದ ಮಾತಿನಿಂದ ದಾನದ ಸ್ವರೂಪವು ಬದಲಾಗುವುದು. ಅದಕ್ಕೂ ಒದಗದ ಯಂತ್ರವನ್ನು ಗುಜರಿಯವನ ಬೆಂಕಿಗೆ ಹಾಕದೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳಂತೆ ನೋಂದಾಯಿತ ಮರುಸಂಸ್ಕರಣಕಾರರಿಗೆ ಒಪ್ಪಿಸಬೇಕು. ಹಳೆಯ ದಪ್ಪ ತೆರೆಗಳ ಗಾಜಿನಲ್ಲಿ ಸೀಸವಿರುವುದು. ಅದು ಬಾವಿಯ ನೀರನ್ನು ಸೇರಿದರೆ ಕೆಡುಕೇ.

ಈ ಸೀಮೆಯ ದೇವಾಲಯಗಳಲ್ಲಿ ಟ್ಯೂಬ್‌ಲೈಟಿನ ಮೇಲೆಯೂ ದಾನಿಯ ಹೆಸರನ್ನು ಬರೆಯಿಸುವ ವಾಡಿಕೆಯುಂಟು. ಬೆಳಕಿಗಿಂತ ಹೆಸರೇ ದೊಡ್ಡದಾಗಿ ಕಾಣುವುದೆಂದು ಪರಿಹಾಸ ಮಾಡುವವರೂ ಉಂಟು. ಗಣಕದ ಮೇಲೆಯೂ ಹೆಸರು ಇರಲಿ, ಬೇಡವೆನ್ನುವವರಾರು? ಅದರ ಕೆಳಗೆ ಇನ್ನು ಮೂರು ಸಾಲುಗಳನ್ನು ಬರೆಯಿಸಿದರೆ ಸಾಕು: ಒಳಗಿರುವ ವ್ಯವಸ್ಥೆ ಯಾವುದು, ಅದಕ್ಕೆ ರಕ್ಷಣೆಯ ತಿದ್ದುಪಡಿ ಯಾವ ವರ್ಷ ಯಾವ ತಿಂಗಳ ವರೆಗೆ ಬರುವುದು, ಕೆಟ್ಟರೆ ಬಂದು ನೋಡುವವರು ಯಾರು.